ಮೈಬಣ್ಣದ ಕೋಶಗಳಿಗೆ ಹೆಪ್ಪು ಕೊಡುವವರಾರು?

ಬಸುರಿಯ ಕೆನ್ನೆಗಳ ಮೇಲೆ ಕಂದುಬಣ್ಣದ ಮಚ್ಚೆ ಹರಡಿತೆಂದರೆ ಮನೆಯ ಹಿರಿಯರು ಅದಕ್ಕೆ ಹತ್ತು ಕಾರಣಗಳನ್ನು ಹೇಳುವುದುಂಟು. ಉಷ್ಣಪದಾರ್ಥವನ್ನು ತಿಂದಳೆಂದು ಒಬ್ಬರು, ದೃಷ್ಟಿ ತಾಕಿತೆಂದು ಇನ್ನೊಬ್ಬರು. ನಾವು ಬಂಗು ಎನ್ನುವ ಇದನ್ನು ಸುಶ್ರುತಸಂಹಿತೆಯು ವ್ಯಂಗವೆಂಬ ಹೆಸರಿನಿಂದ ಕ್ಷುದ್ರರೋಗಗಳ ಸಾಲಿಗೆ ಸೇರಿಸಿ, ಕೋಪವನ್ನೂ ಆಯಾಸವನ್ನೂ ಕಾರಣವೆಂದು ಹೇಳಿದೆ. ಕ್ಷುದ್ರವೆಂದರೆ ಚಿಕ್ಕದು. ವೈದ್ಯನಿಗೆ ಚಿಕ್ಕದಾದರೂ ಕನ್ನಡಿಯ ಮುಂದೆ ನಿಂತವಳಿಗೆ ಅದು ಚಿಕ್ಕದಲ್ಲವಷ್ಟೆ! ಮೈಬಣ್ಣವು ಹೀಗೆ ಹೆಚ್ಚುವುದೂ ಕುಂದುವುದೂ ಏತರಿಂದ ಎಂಬುದನ್ನು ವಿವರಿಸಬೇಕೆಂದು ವಾಚಕಿಯೊಬ್ಬರು ಕಾಗದ ಬರೆದಿರುವುದರಿಂದ ಈ ತಿಂಗಳು ಆ ವಿಷಯವನ್ನು ಎತ್ತಿಕೊಂಡಿದ್ದೇನೆ.

ಚರ್ಮದ ಹೊರಪದರದ ತಳದಲ್ಲಿ ಬಣ್ಣವನ್ನು ತಯಾರಿಸುವ ಜೀವಕೋಶಗಳು ಅಲ್ಲಲ್ಲಿ ಕುಳಿತಿವೆ. ಇವಕ್ಕೆ ಮೆಲನೊಸೈಟ್ ಎಂದೂ, ಇವು ಮಾಡುವ ಬಣ್ಣಕ್ಕೆ ಮೆಲನಿನ್ ಎಂದೂ ಹೆಸರು. ಕಪ್ಪು ಎಂಬರ್ಥದ ಗ್ರೀಕ್ ಶಬ್ದವೇ ಇವುಗಳ ಮೂಲ. ಭಾಷಾಶಾಸ್ತ್ರಜ್ಞರಲ್ಲಿ ಕೆಲವರು ಅದನ್ನು ಸಂಸ್ಕೃತದ ಮಲಿನ ಶಬ್ದದೊಡನೆ ಹೋಲಿಸುತ್ತಾರೆ. ಒಂದೊಂದು ಕೋಶವೂ ತನ್ನ ಉದ್ದನೆಯ ಕೈಗಳನ್ನು ಚಾಚಿ, ಪಂಕ್ತಿಯಲ್ಲಿ ಬಡಿಸುವವನಂತೆ, ಸುತ್ತಲಿನ ಸುಮಾರು 36 ಹೊದಿಕೆಯ ಕೋಶಗಳಿಗೆ ಬಣ್ಣವನ್ನು ಹಂಚುತ್ತದೆ. ಕಪ್ಪು ಮೈಯವರಲ್ಲಿಯೂ ಬಿಳಿ ಮೈಯವರಲ್ಲಿಯೂ ಬಡಿಸುವವರ ಸಂಖ್ಯೆ ಹೆಚ್ಚುಕಡಮೆ ಒಂದೇ; ಬಡಿಸಿದ ಬಣ್ಣದ ಪ್ರಮಾಣದಲ್ಲಿಯೂ ಬಗೆಯಲ್ಲಿಯೂ ಮಾತ್ರ ಭೇದ. ಹೆಣ್ಣು ನೋಡಲು ಹೊರಟವರು ಈ ಸಂಗತಿಯನ್ನು ನೆನೆಯುವುದಿಲ್ಲ.

ಈ ಕೋಶಗಳಿಗೆ ಆಜ್ಞೆಯು ಎರಡು ದಾರಿಗಳಿಂದ ಬರುತ್ತದೆ. ದೂರದ ನಿರ್ನಾಳ ಗ್ರಂಥಿಗಳು ರಕ್ತದ ಮೂಲಕ ಕಳುಹಿಸುವುದು ಹಾರ್ಮೋನು. ಇದು ಅಂಚೆಯಲ್ಲಿ ಬಂದ ಕಾಗದದಂತೆ. ನೆರೆಯ ಕೋಶಗಳು ಅಲ್ಲಿಂದಲೇ ಒದಗಿಸುವುದು ವೃದ್ಧಿಕಾರಕ. ಇದು ಪಕ್ಕದ ಮನೆಯವರು ಗೋಡೆಯ ಮೇಲಿನಿಂದ ಕೊಟ್ಟ ಹೆಪ್ಪಿನಂತೆ.

ಅಂಚೆಯ ಕಥೆ ಹಳೆಯದು. 1855ರಲ್ಲಿ ಲಂಡನ್ನಿನ ಥಾಮಸ್ ಆಡಿಸನ್ ಎಂಬ ವೈದ್ಯನು, ಮೂತ್ರಪಿಂಡಗಳ ಮೇಲೆ ಟೋಪಿಯಂತಿರುವ ಅಡ್ರಿನಲ್ ಗ್ರಂಥಿಗಳು ಕೆಟ್ಟರೆ ರೋಗಿಯು ಬಳಲಿ ಮೈ ಕಪ್ಪಾಗುವುದೆಂದು ತೋರಿಸಿದನು. 1916ರಲ್ಲಿ ಅಮೆರಿಕದ ಸ್ಮಿತ್, ಆಲನ್ ಎಂಬವರು ಕಪ್ಪೆಮರಿಯ ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯನ್ನು ತೆಗೆದಾಗ ಅದು ಬೆಳ್ಳಿಯಂತೆ ಬಿಳಿಚಿಕೊಂಡಿತು. ಈ ಎರಡು ಸಂಗತಿಗಳ ಸಂಬಂಧವು ಮುಂದೆ ತಿಳಿಯಿತು. ಅಡ್ರಿನಲ್ಲನ್ನು ಎಚ್ಚರಿಸುವ ಹಾರ್ಮೋನೂ ಬಣ್ಣದ ಕೋಶವನ್ನು ಎಚ್ಚರಿಸುವ ಎಂ.ಎಸ್.ಎಚ್. ಎಂಬ ಹಾರ್ಮೋನೂ ಒಂದೇ ದೊಡ್ಡ ಅಣುವು ಸೀಳಿ ಹುಟ್ಟಿದ ಒಡಹುಟ್ಟುಗಳು. ಅಡ್ರಿನಲ್ ಕೆಟ್ಟಾಗ ಪಿಟ್ಯುಟರಿಯು ಆಜ್ಞೆಯ ಮೇಲೆ ಆಜ್ಞೆಯನ್ನು ಕಳುಹಿಸುತ್ತದೆ. ಕೇಳಬೇಕಾದವನು ಕೇಳದೆ, ಬಣ್ಣದ ಕೋಶವು ಅದನ್ನು ತನ್ನದೆಂದೇ ತಿಳಿದು ದುಡಿಯತೊಡಗುತ್ತದೆ. ಆದುದರಿಂದ ಅಂಗೈಯ ಗೆರೆಗಳೂ ಒಸಡೂ ಹೊಸದಾಗಿ ಕಪ್ಪಾಗಿ, ಜೊತೆಗೆ ನಿಶ್ಶಕ್ತಿ, ತಲೆಸುತ್ತು, ಉಪ್ಪಿನ ಬಯಕೆಗಳು ತೋರಿದರೆ ಬಿಸಿಲನ್ನು ದೂರದೆ ವೈದ್ಯರ ಬಳಿಗೆ ಹೋಗತಕ್ಕದ್ದು. ನಮ್ಮ ದೇಶದಲ್ಲಿ ಕ್ಷಯವೂ ಈ ಗ್ರಂಥಿಯನ್ನು ಕೆಡಿಸುವುದುಂಟು.

ಹೆಪ್ಪಿನ ಕಥೆಯಾದರೋ ಇತ್ತೀಚಿನದು, ಇದಕ್ಕಿಂತಲೂ ಸ್ವಾರಸ್ಯವಾದುದು. ಬಣ್ಣದ ಕೋಶಗಳನ್ನು ಚರ್ಮದಿಂದ ಬೇರ್ಪಡಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸಲು ಹೋದರೆ ಅವು ಬಹುಕಾಲ ಒಲಿಯಲೇ ಇಲ್ಲ. ಇತರ ಕೋಶಗಳು ಕಳೆಯಂತೆ ಬೆಳೆದು ಅವನ್ನು ಮುಚ್ಚಿಬಿಡುತ್ತಿದ್ದವು. 1982ರಲ್ಲಿ ಐಸಿಂಗರ್, ಮಾರ್ಕೊ ಎಂಬ ಶಾಸ್ತ್ರಜ್ಞರು ಎರಡು ವಸ್ತುಗಳನ್ನು ಸೇರಿಸಿ ಜಯಿಸಿದರು. ಒಂದು ಫೋರ್ಬಾಲ್ ಎಸ್ಟರ್. ಇದು ನಮ್ಮ ವೈದ್ಯರ ಜಯಪಾಲ, ಎಂದರೆ ಜಾಪಾಳದ ಎಣ್ಣೆಯಲ್ಲಿರತಕ್ಕದ್ದು. ಇನ್ನೊಂದು ಕಾಲರಾ ರೋಗಾಣುವಿನ ವಿಷ. ಒಂದು ಭೇದಿಯ ಮದ್ದು, ಇನ್ನೊಂದು ವಾಂತಿಭೇದಿಯ ಮೂಲ! ಇಂತಹ ಜೋಡಿಯಿಂದ ಬಣ್ಣದ ಕೋಶ ಚಿಗುರಿದ್ದು ಸೋಜಿಗವಲ್ಲವೆ? ಆದರೆ ನಮ್ಮ ಚರ್ಮದಲ್ಲಿ ಜಾಪಾಳವೂ ಇಲ್ಲ, ಕಾಲರಾ ವಿಷವೂ ಇಲ್ಲ. ಹಾಗಾದರೆ ಅಲ್ಲಿ ಆ ಕೆಲಸವನ್ನು ಮಾಡುವುದು ಯಾವುದು? ರೂತ್ ಹಲಬನ್ ಎಂಬಾಕೆಯೂ ಆಕೆಯ ಸಂಗಡಿಗರೂ 1987–88ರಲ್ಲಿ ಉತ್ತರವನ್ನು ಕೊಟ್ಟರು: ನೆರೆಯ ಹೊದಿಕೆಯ ಕೋಶಗಳೇ ಎಫ್.ಜಿ.ಎಫ್. ಎಂಬ ವೃದ್ಧಿಕಾರಕವನ್ನು ತಯಾರಿಸಿ ಬಣ್ಣದ ಕೋಶವನ್ನು ಪೋಷಿಸುತ್ತವೆ. 1990ರ ತರುವಾಯ ಜಪಾನಿನ ಶಾಸ್ತ್ರಜ್ಞರು ಎಂಡೋಥೀಲಿನ್ ಎಂಬ ಇನ್ನೊಂದನ್ನು ಕಂಡರು. ಬಿಸಿಲಿನ ಅತಿನೇರಳೆ ಕಿರಣ ತಾಕಿದಾಗ ಹೊದಿಕೆಯ ಕೋಶಗಳು ಇದನ್ನು ಹೆಚ್ಚಾಗಿ ಸ್ರವಿಸುತ್ತವೆ. ಎಂ.ಎಸ್.ಎಚ್. ಹಾರ್ಮೋನನ್ನು ಸಹ ಚರ್ಮವು ಬಿಸಿಲಿನಲ್ಲಿ ತಾನೇ ಮಾಡಿಕೊಳ್ಳಬಲ್ಲುದು. ಇವೆಲ್ಲವೂ ಕೂಡಿದಾಗ ಕೋಶವು ಸಂಖ್ಯೆಯಲ್ಲಿಯೂ ವೃದ್ಧಿಯಾಗುತ್ತದೆ, ಬಣ್ಣವನ್ನೂ ಹೆಚ್ಚಿಸುತ್ತದೆ.

ನೆರೆಯವರ ಹೆಪ್ಪನ್ನೇ ನಂಬಿರುವುದು ಈ ಕೋಶಕ್ಕೆ ಕಟ್ಟೂ ಹೌದು, ಕಾವಲೂ ಹೌದು. ಮೆಲನೋಮವೆಂಬ ಅರ್ಬುದಕ್ಕೆ ತಿರುಗಿದ ಕೋಶಗಳು ಎಫ್.ಜಿ.ಎಫ್. ಅನ್ನು ತಾವೇ ಮಾಡಿಕೊಂಡು, ಯಾರ ಹಂಗೂ ಇಲ್ಲದೆ ಬೆಳೆಯುತ್ತವೆ. ನಮ್ಮವರಲ್ಲಿ ಈ ರೋಗ ಅಪರೂಪವಾದರೂ ಅಂಗಾಲಿನಲ್ಲಿ, ಉಗುರಿನಡಿಯಲ್ಲಿ ಕಪ್ಪು ಮಚ್ಚೆ ಹೊಸದಾಗಿ ಹುಟ್ಟಿ ಹರಡಿದರೆ ತಡಮಾಡಬಾರದು.

ಬಂಗಿನ ಮಾತಿಗೆ ಬರೋಣ. ಬಸುರಿನಲ್ಲಿ ಏರುವ ಈಸ್ಟ್ರೊಜನ್, ಪ್ರೊಜೆಸ್ಟರೋನ್ ಹಾರ್ಮೋನುಗಳೂ ಬಿಸಿಲೂ ಮನೆತನದ ಗುಣವೂ ಸೇರಿ ಇದು ಬರುತ್ತದೆ. ಗರ್ಭನಿರೋಧದ ಗುಳಿಗೆಗಳಿಂದಲೂ ಬರುವುದುಂಟು. ಹೆರಿಗೆಯಾದ ಕೆಲವು ತಿಂಗಳಲ್ಲಿ ಅನೇಕರಿಗೆ ತಾನಾಗಿ ತಿಳಿಯಾಗುತ್ತದೆ. ಕೊಡೆ ಹಿಡಿಯುವುದು ಮೊದಲನೆಯ ಮದ್ದು. ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ಸ್ಟಿರಾಯ್ಡ್ ಬೆರೆತ ಮುಲಾಮು ಕೆಲವು ವಾರ ಮುಖವನ್ನು ಬೆಳ್ಳಗೆ ತೋರಿಸಿ, ಬಳಿಕ ಚರ್ಮವನ್ನು ತೆಳುಮಾಡಿ ಮೊದಲಿಗಿಂತ ಕೆಡಿಸುತ್ತದೆ.

ಇದಕ್ಕೆ ವಿರುದ್ಧವಾದುದು ತೊನ್ನು. ಅಲ್ಲಿ ಬಣ್ಣದ ಕೋಶಗಳೇ ನಾಶವಾಗುತ್ತವೆ. ಶರೀರದ ಕಾವಲುಪಡೆಯೇ ಅವನ್ನು ಪರರೆಂದು ತಿಳಿದು ಕೊಲ್ಲುತ್ತದೆ. ಇದು ಕುಷ್ಠವಲ್ಲ, ಅಂಟುವುದಿಲ್ಲ. ನನ್ನ ಬಳಿ ಓದಿದ ಜಾಣ ಹುಡುಗಿಯೊಬ್ಬಳಿಗೆ ಪಾದದ ಮೇಲಿನ ಎರಡು ಬಿಳಿ ಮಚ್ಚೆಗಳಿಗಾಗಿ ನಿಶ್ಚಯವಾದ ಮದುವೆ ಮುರಿಯಿತು. ಮುರಿದವರು ಓದುಬರಹ ಬಲ್ಲವರೇ. ಅವಳ ತಂದೆಯು ಆ ವರ್ಷವೆಲ್ಲ ಊರೂರು ತಿರುಗಿ ಲೇಪಗಳಿಗೆ ಹಣ ಸುರಿದನು.

ಈ ರೋಗದಲ್ಲಿ ಬಣ್ಣ ಮರಳುವ ಬಗೆಯನ್ನು ತಿಳಿದರೆ ಆ ವೆಚ್ಚದಲ್ಲಿ ಬಹುಭಾಗ ಉಳಿಯುತ್ತದೆ. ಬಣ್ಣದ ಕೋಶಗಳ ಬೀಜಗಳು ಕೂದಲಿನ ಬುಡದಲ್ಲಿ ಅಡಗಿರುತ್ತವೆ. ಚಿಕಿತ್ಸೆಯು ಫಲಿಸಿದಾಗ ಅವು ವೃದ್ಧಿಕಾರಕಗಳ ಕರೆಗೆ ಓಗೊಟ್ಟು ಮೇಲೇರುವುದರಿಂದ, ಬಿಳಿಯ ನಡುವೆ ಕೂದಲಿನ ಸುತ್ತ ಎಳ್ಳಿನಂತಹ ಕಂದು ಚುಕ್ಕೆಗಳು ಮೊದಲು ಕಾಣುತ್ತವೆ. ಕೂದಲಿಲ್ಲದ ತುಟಿ, ಬೆರಳ ತುದಿಗಳಲ್ಲಿ ಬಣ್ಣ ಮರಳುವುದು ಕಷ್ಟ; ಕೂದಲೇ ನರೆತ ಮಚ್ಚೆಯಲ್ಲಿಯೂ ಹಾಗೆಯೇ. ಅಂತಹ ಕಡೆಗಳಲ್ಲಿ ರೋಗವು ಸುಮಾರು ಒಂದು ವರ್ಷ ಹರಡದೆ ನಿಂತಿದ್ದರೆ, ತಜ್ಞರು ತೊಡೆಯ ಚರ್ಮದ ತೆಳುಪದರದಿಂದ ಕೋಶಗಳನ್ನು ಬಿಡಿಸಿ ಬಿಳಿ ಮಚ್ಚೆಯ ಮೇಲೆ ನಾಟಿ ಮಾಡುತ್ತಾರೆ. ಸಸಿಮಡಿಯಿಂದ ಗದ್ದೆಗೆ ಪೈರನ್ನು ಕಿತ್ತು ನೆಡುವಂತೆಯೇ ಈ ಕೆಲಸ.