ಆರನೇ ತರಗತಿಗೆ ಬಂದರೆ ಆಟಿಸಂ ಕಡಿಮೆಯಾಗುತ್ತದೆಯೇ?

ವಿಶೇಷ ಶಿಕ್ಷಕರ ಹುದ್ದೆ ಸೃಷ್ಟಿಸಿ, ಅಧಿಸೂಚನೆ ಹೊರಡಿಸಿ, ಕಾಯಂ ಆಗಿ ಭರ್ತಿ ಮಾಡಿ ಎಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್ 7ರಂದು ರಾಜ್ಯಗಳಿಗೆ ತಾಕೀತು ಮಾಡಿತು. ಅಂದಿನಿಂದ ಹುದ್ದೆ ಎಷ್ಟು, ದುಡ್ಡು ಯಾರದು, ಗುತ್ತಿಗೆಯ ಮೇಲಿರುವವರ ಗತಿಯೇನು ಎಂಬುದರ ಸುತ್ತಲೇ ಮಾತು. ಹುದ್ದೆ ಲೆಕ್ಕ ಹಾಕುವ ಅಳತೆಗೋಲೇ ಡೊಂಕಾಗಿದೆ ಎಂಬುದನ್ನು ಕೇಳುವವರು ಕಡಿಮೆ. ಈಗಿನ ಅನುಪಾತದಂತೆ ಕೊನೆಯ ಹುದ್ದೆಯವರೆಗೂ ಭರ್ತಿಯಾದರೂ, ನಡವಳಿಕೆಯ ತೊಂದರೆಯಿರುವ ಮಗು ತರಗತಿಯ ಹೊರಗೇ ಉಳಿಯುತ್ತದೆ.

ಆ ಅಳತೆಗೋಲು ಬಂದದ್ದು 2022ರ ಜೂನ್ 10ರ ಕೇಂದ್ರದ ಅಧಿಸೂಚನೆಯಲ್ಲಿ. ಒಂದರಿಂದ ಐದನೇ ತರಗತಿಯವರೆಗೆ ಅಂಗವೈಕಲ್ಯವಿರುವ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ. ಆರರಿಂದ ಎಂಟರವರೆಗೆ 15 ಮಕ್ಕಳಿಗೆ ಒಬ್ಬ. ಇಲ್ಲಿ ಮಗುವಿನ ತೊಂದರೆ ಯಾವುದು ಎಂಬ ಪ್ರಶ್ನೆಯೇ ಇಲ್ಲ. ತರಗತಿ ಯಾವುದು ಎಂದಷ್ಟೇ ನೋಡಲಾಗಿದೆ.

ಇದಕ್ಕೆ ಸುಮಾರು ಏಳೂವರೆ ತಿಂಗಳು ಮೊದಲು, 2021ರ ಅಕ್ಟೋಬರ್ 28ರಂದು, ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್ ಬೇರೆಯದೇ ಲೆಕ್ಕ ಕೊಟ್ಟಿತ್ತು. ಸೆರೆಬ್ರಲ್ ಪಾಲ್ಸಿ ಇರುವ 8 ಮಕ್ಕಳಿಗೆ ಒಬ್ಬ ಶಿಕ್ಷಕ. ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಕಲಿಕಾ ನ್ಯೂನತೆಯಿದ್ದರೆ 5 ಮಕ್ಕಳಿಗೆ ಒಬ್ಬ. ಒಂದಕ್ಕಿಂತ ಹೆಚ್ಚು ತೊಂದರೆಗಳು ಒಟ್ಟಿಗಿದ್ದರೆ ಇಬ್ಬರಿಗೆ ಒಬ್ಬ. ಕೇಂದ್ರವು ಮಾನದಂಡ ಪ್ರಕಟಿಸುವವರೆಗೆ ಇದು ಮಧ್ಯಂತರ ವ್ಯವಸ್ಥೆ ಎಂದು ಕೋರ್ಟ್ ಹೇಳಿತ್ತು. ಮಾನದಂಡವೇನೋ ಬಂತು, ಆದರೆ ಮಗುವಿನ ಅಗತ್ಯ ನೋಡಿ ಮಾಡಿದ್ದ ಆ ವಿಂಗಡಣೆ ಮಾಯವಾಯಿತು.

ಲೆಕ್ಕ ಸರಳ. ಆರರಿಂದ ಎಂಟನೇ ತರಗತಿಯಲ್ಲಿ ಆಟಿಸಂ ಅಥವಾ ಬೌದ್ಧಿಕ ಅಂಗವೈಕಲ್ಯವಿರುವ 30 ಮಕ್ಕಳಿದ್ದಾರೆ ಎಂದುಕೊಳ್ಳಿ. 2021ರ ಲೆಕ್ಕದಲ್ಲಿ ಆರು ಶಿಕ್ಷಕರು ಬೇಕು, 2022ರ ಲೆಕ್ಕದಲ್ಲಿ ಇಬ್ಬರು ಸಾಕು. ಉಳಿದ ನಾಲ್ವರ ಹುದ್ದೆ ಖಾಲಿ ಎಂದೂ ದಾಖಲಾಗುವುದಿಲ್ಲ, ಏಕೆಂದರೆ ಆ ಹುದ್ದೆಗಳೇ ಹುಟ್ಟುವುದಿಲ್ಲ. ಅದೂ ಯಾವ ವಯಸ್ಸಿನಲ್ಲಿ? ಮಕ್ಕಳು ಹದಿಹರೆಯಕ್ಕೆ ಕಾಲಿಡುವ ಹೊತ್ತಿನಲ್ಲಿ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇರುವುದನ್ನು ಕಂಡಿತ್ತು. ಸಿಟ್ಟು, ಖಿನ್ನತೆ, ಶಾಲೆ ತಪ್ಪಿಸುವುದು ಹೆಚ್ಚುವ ವಯಸ್ಸು ಹತ್ತಿರವಾದಂತೆ ನಮ್ಮ ನಿಯಮ ಶಿಕ್ಷಕರನ್ನು ಕಡಿಮೆ ಮಾಡುತ್ತದೆ!

ಅನುಪಾತದ ಜಗಳ ಕಾಗದದ ಜಗಳವಲ್ಲ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುವ ನಲಿ-ಕಲಿ ಕೊಠಡಿಯಲ್ಲಿ ಆಟಿಸಂ ಇರುವ ಒಬ್ಬ ಹುಡುಗನಿದ್ದಾನೆ ಎಂದುಕೊಳ್ಳಿ. ಬಿಸಿಯೂಟದ ಬೆಲ್ಲು ಹೊಡೆದು ತಟ್ಟೆಗಳ ಸದ್ದು ಶುರುವಾದರೆ ಅವನು ಕಿವಿ ಮುಚ್ಚಿಕೊಂಡು ಗೇಟಿನತ್ತ ಓಡುತ್ತಾನೆ. ಟೀಚರ್ ಅವನ ಹಿಂದೆ ಹೋದರೆ ಉಳಿದ ಮಕ್ಕಳನ್ನು ನೋಡುವವರಿಲ್ಲ. ಇದಕ್ಕೆ ಪರಿಹಾರ ಗೊತ್ತಿರುವುದೇ: ಬೆಲ್ಲಿಗೆ ಮೊದಲೇ ಚಿತ್ರದ ಕಾರ್ಡು ತೋರಿಸಿ ಮುಂದೇನು ಎಂದು ತಿಳಿಸುವುದು, ಸದ್ದಿಲ್ಲದ ಮೂಲೆಯಲ್ಲಿ ಊಟಕ್ಕೆ ಕೂರಿಸುವುದು, ಯಾವುದು ಅವನನ್ನು ಕೆರಳಿಸಿತೆಂದು ಬರೆದಿಡುವುದು. ಆದರೆ ಅದು ದಿನವೂ, ತಿಂಗಳುಗಟ್ಟಲೆ ಆಗಬೇಕು. ಬ್ಲಾಕಿನ ಶಾಲೆಗಳನ್ನು ಸುತ್ತುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿ ಎಂದೋ ಒಮ್ಮೆ ಬಂದು ಮಾಡುವ ಕೆಲಸವಲ್ಲ.

ನಮ್ಮ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇಂಥ ಮಕ್ಕಳು ಒಬ್ಬರೋ ಇಬ್ಬರೋ. ಹತ್ತು ಮಕ್ಕಳ ಲೆಕ್ಕ ಕೂಡಿಸಲು ಹಲವು ಊರು ಸೇರಿಸಬೇಕು. ಆಗ ಶಿಕ್ಷಕರ ದಿನ ಬಸ್ಸಿನಲ್ಲೇ ಕಳೆಯುತ್ತದೆ. ಅಲೆದಾಡುವ ಶಿಕ್ಷಕರ ಪದ್ಧತಿಗೆ ಕೋರ್ಟ್ ಒಪ್ಪಿದ್ದು ತಾತ್ಕಾಲಿಕವಾಗಿ ಮಾತ್ರ. ಅದೇ ಶಾಶ್ವತವಾಗುವ ಲಕ್ಷಣವಿದೆ.

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಹೊರಹಾಕುವ ಅಗತ್ಯವೂ ಇಲ್ಲ. ‘ನಾಳೆಯಿಂದ ನೀವೇ ಬಂದು ಪಕ್ಕದಲ್ಲಿ ಕೂತ್ಕೊಳ್ಳಿ’ ಎಂದು ಕೂಲಿಗೆ ಹೋಗುವ ತಾಯಿಗೆ ಹೇಳಿದರೆ ಸಾಕು. 2012ರ ತಿದ್ದುಪಡಿ ತೀವ್ರ ಅಂಗವೈಕಲ್ಯವಿರುವ ಮಗುವಿಗೆ ಗೃಹಾಧಾರಿತ ಶಿಕ್ಷಣವನ್ನು ಆಯ್ದುಕೊಳ್ಳುವ ಹಕ್ಕು ಕೊಟ್ಟಿತು. ಶಾಲೆ ಕೈಚೆಲ್ಲಿದ ಮೇಲೆ ಮನೆಯಲ್ಲಿ ಕೂರುವುದು ಆಯ್ಕೆಯಾಗುವುದು ಹೇಗೆ? ಇನ್ನು ಎಡಿಎಚ್‌ಡಿ ಮಕ್ಕಳದು ಬೇರೆಯೇ ಪಾಡು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ.

ಸಮನ್ವಯ ಶಿಕ್ಷಣವೋ ವಿಶೇಷ ಶಾಲೆಯೋ ಎಂಬ ಹಳೆಯ ಜಗಳವನ್ನು ಇಲ್ಲಿ ಎಳೆದು ತರಬೇಕಿಲ್ಲ. ನೆರೆಯ ಶಾಲೆಯನ್ನೋ ವಿಶೇಷ ಶಾಲೆಯನ್ನೋ ಆರಿಸಿಕೊಳ್ಳುವ ಹಕ್ಕನ್ನು ಅದೇ 2016ರ ಕಾಯ್ದೆಯ 31ನೇ ಕಲಂ ಮಗುವಿಗೇ ಕೊಟ್ಟಿದೆ. ಎರಡೂ ಕಡೆ ಕಲಿಸುವವರಿದ್ದರಷ್ಟೇ ಆ ಹಕ್ಕಿಗೆ ಬೆಲೆ.

ಅರ್ಹರು ಎಲ್ಲಿದ್ದಾರೆ, ಹಣ ಎಲ್ಲಿದೆ ಎನ್ನುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಕೊರತೆ ಇದೆಯೆಂದು ಅಗತ್ಯವನ್ನೇ ತಗ್ಗಿಸಿ ಬರೆದರೆ, ನಾಳೆ ಬಿ.ಇಡಿ. ವಿಶೇಷ ಶಿಕ್ಷಣದ ಸೀಟು ಹೆಚ್ಚಿಸಲು ಯಾರಿಗೂ ಕಾರಣವೇ ಇರುವುದಿಲ್ಲ. ಕೇಂದ್ರದ ಸಂಖ್ಯೆ ಕನಿಷ್ಠ ಮಿತಿ. ಅದಕ್ಕಿಂತ ಹೆಚ್ಚು ಶಿಕ್ಷಕರನ್ನು ಕೊಡಲು ರಾಜ್ಯಕ್ಕೆ ಯಾರ ಅಡ್ಡಿಯೂ ಇಲ್ಲ. ಕರ್ನಾಟಕ ಮೂರು ಕೆಲಸ ಮಾಡಲಿ: 2021ರ 8, 5, 2ರ ಲೆಕ್ಕವನ್ನು ಎಂಟನೇ ತರಗತಿಯವರೆಗೂ ತನ್ನ ನಿಯಮವಾಗಿಸಲಿ, ಪ್ರತಿ ಕ್ಲಸ್ಟರಿನ ಒಂದು ಶಾಲೆಯಲ್ಲಾದರೂ ದಿನವಿಡೀ ಇರುವ ವಿಶೇಷ ಶಿಕ್ಷಕರನ್ನು ಕೊಟ್ಟು, ಸುತ್ತಲಿನ ಮಕ್ಕಳು ಅಲ್ಲಿಗೆ ಬರಲು ವಾಹನ ಒದಗಿಸಲಿ, ಯಾವ ತೊಂದರೆಯ ಎಷ್ಟು ಮಕ್ಕಳಿಗೆ ಎಷ್ಟು ಹುದ್ದೆ ಎಂಬುದನ್ನು ತಾಲ್ಲೂಕುವಾರು ಪ್ರಕಟಿಸಲಿ. ಅದಾಗುವವರೆಗೆ, ಭರ್ತಿಯಾದ ಹುದ್ದೆಗಳ ಸಂಖ್ಯೆ ತೋರಿಸಿ ಕೋರ್ಟಿನ ಆದೇಶ ಪಾಲಿಸಿದ್ದೇವೆ ಎನ್ನುವ ಯಾವ ಪ್ರಮಾಣಪತ್ರವನ್ನೂ ನಂಬಬೇಕಿಲ್ಲ.