ಬೀಡಿ ಸೇದದವರಿಗೂ ಬಿಡುವು

ಸದಾಶಿವಗಡದ ಬುಡದಲ್ಲಿರುವ ಚಿತ್ತಾಕುಲದಿಂದ ಉದ್ಯೋಗಕ್ಕೆಂದು ಕೆಲವರು ಕಾಳಿ ಸೇತುವೆ ದಾಟಿ ಕಾರವಾರಕ್ಕೆ ಹೋಗುತ್ತಾರೆ, ಇನ್ನು ಕೆಲವರು ಮಾಜಾಳಿ ದಾಟಿ ಗೋವೆಗೆ. ಕೆಲಸದ ನಡುವೆ ಬೀಡಿ, ಸಿಗರೇಟು ಸೇದುವ ಗಂಡಸರು ಐದು ನಿಮಿಷ ಹೊರಗೆ ಹೋಗಿ ಬಂದರೆ ಯಾರೂ ಕೇಳುವುದಿಲ್ಲ. ಬಟ್ಟೆ ಅಂಗಡಿಯಲ್ಲಿ ಬೆಳಗಿನಿಂದ ನಿಂತೇ ಇರುವ ಹುಡುಗಿಗೆ ಆ ಐದು ನಿಮಿಷವೂ ಇಲ್ಲ. ಇದು ಅನ್ಯಾಯ. ಧೂಮಪಾನಕ್ಕೆಂದು ಬಿಡುವು ಕೊಡಬೇಕೆಂದು ನಮ್ಮ ಕಾರ್ಮಿಕ ಕಾನೂನು ಹೇಳುವುದಿಲ್ಲ. ಕೆಲಸದ ಜಾಗದೊಳಗೆ ಸೇದುವುದನ್ನು 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮವೇ ನಿಷೇಧಿಸಿದೆ. ಆದರೆ ವಿಶ್ರಾಂತಿ ಎಲ್ಲರ ಹಕ್ಕು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಐದು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ದುಡಿಸುವಂತಿಲ್ಲ. ನಡುವೆ ಕನಿಷ್ಠ ಒಂದು ಗಂಟೆ ಬಿಡುವು ಕೊಡಬೇಕು, ವಾರಕ್ಕೊಂದು ದಿನ ರಜೆಯನ್ನೂ. ಗಿರಾಕಿ ಬಂದನೆಂದು ಅರ್ಧ ಊಟದಲ್ಲಿ ಕೈ ತೊಳೆಸಿ ಎಬ್ಬಿಸಿದರೆ ಅದನ್ನು ಬಿಡುವು ಎನ್ನಲಾಗದು. ಬಿಡುವಿನಂತೆಯೇ ನಡುನಡುವೆ ಕೂರಲು ಆಸನವೂ ಬೇಕು. ಕೇರಳದ ಕೋಳಿಕ್ಕೋಡಿನ ಮಿಠಾಯಿ ತೆರುವು ಎಂಬ ಬೀದಿಯ ಅಂಗಡಿಗಳಲ್ಲಿ ದುಡಿಯುವ ಹೆಂಗಸರು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. ಕೇರಳ 2018ರಲ್ಲಿ ಅದನ್ನು ಕಾನೂನಿಗೆ ಸೇರಿಸಿತು, ತಮಿಳುನಾಡು 2021ರಲ್ಲಿ. ನಿಂತು ನಿಂತು ಕಾಲು ಬಾತು, ನರ ಉಬ್ಬಿದವರ ನೋವಿನಿಂದ ಹುಟ್ಟಿದ ಕಾನೂನು ಅದು. ಕಾರವಾರ, ಅಂಕೋಲೆಯ ಅಂಗಡಿ ಮಾಲೀಕರೇ, ಗಲ್ಲೆಯ ಹಿಂದೆ ನಿಮಗೊಂದು ಕುರ್ಚಿ ಇದೆ. ಕೆಲಸದವರಿಗೂ ಒಂದು ಸ್ಟೂಲು ಇಡಿ, ಊಟದ ಒಂದು ಗಂಟೆಯನ್ನು ಪೂರ್ತಿ ಬಿಟ್ಟುಕೊಡಿ.