ಹೊಸ ಲೂಡೋ ಇನ್ನಾ ಕಾಯಿ, ಹಳೇ ಪಗಡಿ ಹಣ್ಣು

ಹೊಸದು ಅರ್ಧಾಮರ್ಧಾ ಮಾಡಿ ಕೈಯಾಗ ಕೊಟ್ಟಾಗ ಹಳೇದಕ್ಕ ವಾಪಸ್ ಹೋಗೋರಿಗಿ ‘ಹಳೇ ಕಾಲದವ್ರು’ ಅಂತ ನಗಬಾರದು. ಇದು ನನ್ನ ಮಾತು. ಅಕ್ಕೋರು, ವೈನಿಯೋರು, ನಮ್ಮ ಓಣ್ಯಾನ ತಂಗಿಯೋರು, ಯಾರಿಗಿ ಒಪ್ಪಿಗಿ ಇಲ್ಲೋ ಅವ್ರು ಮೊದಲ ಪೂರಾ ಓದ್ರಿ, ಆಮ್ಯಾಲ ಬೇಕಾದ್ರ ಮನಿಗಿ ಬಂದು ಜಗಳಾಡ್ರಿ. ಚಹಾ ನಾನೇ ಮಾಡ್ತೀನಿ.

ಹುಡ್ಗೂರ ಆಟದಿಂದನೇ ಶುರು ಮಾಡ್ತೀನಿ. ನಮ್ಮ ಅಣ್ಣನ ಮಗ ಬೆಂಗಳೂರದಾಗ ಕೆಲಸಕ್ಕ ಅದಾನ. ಸೂಟಿಗಿ ಬಂದಾಗ ಲ್ಯಾಪ್‌ಟಾಪ್‌ನಾಗ ಊರು ಕಟ್ಟೋ ಆಟ ಆಡ್ತಾನ. ‘ಸಿಟೀಸ್ ಸ್ಕೈಲೈನ್ಸ್’ ಅಂತ ಅದರ ಹೆಸರು. ರಸ್ತಾ ಹಾಕೋದು, ನಳಾ ಎಳೆಯೋದು, ಕಸ ಎತ್ಸೋದು, ತೆರಿಗಿ ಎಷ್ಟು ಅಂತ ಗೊತ್ತು ಮಾಡೋದು, ಎಲ್ಲಾ ಆಡೋರದೇ ಜವಾಬ್ದಾರಿ. ಫಿನ್‌ಲ್ಯಾಂಡ್ ದೇಶದ ಒಂದು ಸಣ್ಣ ಕಂಪನಿ 2015ರಾಗ ಅದನ್ನ ಮಾಡ್ತು. ಅದರದೇ ಎರಡನೇ ಭಾಗ 2023ರ ಅಕ್ಟೋಬರದಾಗ ಬಂತು. ಚಿತ್ರ ಚಂದ, ಊರು ದೊಡ್ಡದು. ಆದ್ರ ಛಲೋ ಕಂಪ್ಯೂಟರದಾಗೂ ಆಟ ತಡದು ತಡದು ನಡೀತಿತ್ತು. ಹಳೇ ಆಟದಾಗ ಸೇರ್ಸಿದ್ದ ಸೈಕಲ್ ಹೊಸದರಾಗ ಇರಲೇ ಇಲ್ಲ. 2024ರ ಏಪ್ರಿಲ್‌ದಾಗ ಒಂದು ಹೆಚ್ಚಿನ ಭಾಗ ಮಾರಿದ್ದಕ್ಕ ಆಟ ಮಾಡಿದೋರು, ಮಾರಿದೋರು ಇಬ್ರೂ ಸೇರಿ ಎಲ್ಲಾರ ಎದುರಿಗಿ ಮಾಫಿ ಕೇಳಿ ರೊಕ್ಕಾ ವಾಪಸ್ ಕೊಟ್ರು. ಜಗತ್ತಿನ ತುಂಬ ಎಷ್ಟೋ ಮಂದಿ 2015ರ ಆಟಕ್ಕೇ ತಿರುಗಿ ಹೋದ್ರು. ನಮ್ಮ ಹುಡುಗನೂ ಇನ್ನಾ ಹಳೇದೇ ಆಡ್ತಾನ.

ಅವನ ದೋಸ್ತರು ಅವನಿಗಿ ‘ಮುದುಕ’ ಅಂತಾರಂತ. ನನಗೇನೋ ಅವಂದೇ ಖರೆ ಅನಸ್ತದ. ಹಳೇದು ಎಂಟು ವರ್ಷ ತಿದ್ದಿಸಿಕೊಂಡು ಹದಕ್ಕ ಬಂದದ್ದು. ಹೊಸದಕ್ಕ ಆ ಹದ ಬರಲಿ, ಆಗ ನೋಡೋಣು. ಹಂಚಿನ ಮ್ಯಾಲಿನ ರೊಟ್ಟಿ ಹಸಿ ಇದ್ರ ಹೊಸಾ ರೊಟ್ಟಿ ಅಂತ ಯಾರೂ ತಿನ್ನಂಗಿಲ್ಲ. ನಿನ್ನಿನ ಕಟಕ್ ರೊಟ್ಟಿನೇ ಛಲೋ ಅಂತೀವಿ.

ಬೀದರದಾಗ ಹುಟ್ಟಿದೋರಿಗಿ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಬಿದ್ರಿ ಸಾಮಾನು ನೋಡ್ರಿ. ಸತುವು, ತಾಮ್ರ ಕೂಡ್ಸಿ ಎರಕ ಹೊಯ್ತಾರ, ನಕಾಶಿ ಕೊರೀತಾರ, ಬೆಳ್ಳಿ ತಂತಿ ಕೂಡಸ್ತಾರ. ಅಲ್ಲಿತನಾ ಕೆಲಸ ಪೂರಾ ಮುಗದಂಗೇ ಕಾಣಸ್ತದ. ಆದ್ರ ಬೆಳ್ಳಿ ಎದ್ದು ಕಾಣಂಗಿಲ್ಲ, ಯಾಕಂದ್ರ ಎರಡೂ ಬೆಳ್ಳಗ. ಕಡೀಕ ನಮ್ಮ ಕ್ವಾಟಿ ಮಣ್ಣು, ನವಸಾಗರ ಕಲಸಿದ ನೀರು ತಾಗಿದ ಮ್ಯಾಲೇ ಮೈಯೆಲ್ಲಾ ಕರ್ರಗಾಗಿ ಬೆಳ್ಳಿ ಹೊಳೀತದ. ಆ ಕಡೀ ಕೆಲಸ ಬಿಟ್ಟು ಯಾವ ಕುಶಲಗಾರನೂ ಹೂಜಿ ಮಾರಂಗಿಲ್ಲ. ‘ಒಯ್ರಿ, ಬಣ್ಣ ಮುಂದಿನ ವರ್ಷ ಕಳಸ್ತೀನಿ’ ಅಂದ್ರ ನಾವು ಒಯ್ತೀವಾ?

ಈಗ ನಮ್ಮ ಹೆಣ್ಮಕ್ಕಳ ಆಟಕ್ಕ ಬರ್ರಿ. ನಮ್ಮ ಮನ್ಯಾಗೂ ಒಂದು ಹಳೇ ಆಟ ಅದ, ಅದರದೇ ಒಂದು ಹೊಸ ಆಟ ಅದ. ಹಳೇದು ಪಗಡಿ. ಹೊಸದು ಲೂಡೋ.

ಲೂಡೋ ಎಲ್ಲಿಂದೋ ತಾನೇ ಬಂದ ಆಟ ಅಂತ ಎಷ್ಟೋ ಮಂದಿ ತಿಳ್ಕೊಂಡಾರ. ಅಲ್ಲ. ನಮ್ಮ ಪಗಡಿ, ಹಿಂದಿಯೋರ ಪಚೀಸಿ ನೋಡಿ ಇಂಗ್ಲೆಂಡಿನೋರು ಮಾಡಿದ್ದು ಅದು. 1896ರಾಗ ಅಲ್ಲಿ ಅದಕ್ಕ ಪೇಟೆಂಟ್ ಸಿಕ್ತು. ಪಚೀಸಿ ಅನ್ನೋ ಹೆಸರು ಬಂದದ್ದೇ ಕವಡಿ ಎಸೆದಾಗ ಬೀಳೋ ಇಪ್ಪತ್ತೈದರಿಂದ. ಅಕ್ಬರ ಬಾದಶಹಾನ ಫತೇಪುರ ಸಿಕ್ರಿಯೊಳಗ ಅಂಗಳದ ನೆಲದಾಗೇ ಪಚೀಸಿ ಮನಿ ಕೊರದದ್ದು ಇವತ್ತಿಗೂ ಅದ. ಅದಕ್ಕೂ ಭಾಳ ಹಿಂದ, ನಮ್ಮ ಪಕ್ಕದ ಮರಾಠವಾಡಾದ ವೇರೂಳದ ಗುಹಾದಾಗ ಶಿವ ಪಾರ್ವತಿ ಪಗಡಿ ಆಡ್ಲತ್ತಿದ್ದು ಕಲ್ಲಿನಾಗ ಕಡದಾರ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಇಂಥಾ ಆಟಗಳ ಹುಚ್ಚರು. ಅವರ ‘ಶ್ರೀತತ್ತ್ವನಿಧಿ’ಯೊಳಗ ಆಟಕ್ಕಂತಲೇ ಒಂದು ಭಾಗ ಅದ.

ಹೊಸದು ಹಳೇದರಿಂದ ಏನು ತಗೊಂತು, ಏನು ಬಿಡ್ತು? ನಾಕು ಬಣ್ಣ, ನಾಕು ನಾಕು ಕಾಯಿ, ಶಿಲುಬಿಯಂಗ ನಾಕು ಪಟ್ಟಿ, ನಡುವ ಹಣ್ಣಾಗೋ ಮನಿ, ಇಷ್ಟು ತಗೊಂತು. ಬಿಟ್ಟದ್ದು ಮೂರು, ಮತ್ತ ಆ ಮೂರೇ ಆಟದ ಜೀವ.

ಒಂದು, ಜೋಡಿ. ಪಗಡಿ ಹಾಸಿನ ಎದುರಾಬದುರಾ ಕುಂತೋರು ಒಂದು ಕಡಿ. ನನ್ನ ನಾಕೂ ಕಾಯಿ ಹಣ್ಣಾದ್ರೂ ಎದುರಿನ ನನ್ನ ಜೋಡಿದಾರದು ಉಳದಿದ್ರ ನಾನು ಗೆದ್ದಂಗಲ್ಲ. ಅದಕ್ಕ ನಾನು ಮುಂದ ಓಡಂಗಿಲ್ಲ, ಹಿಂದ ಉಳದೋರಿಗಿ ಕಾಯ್ತೀನಿ, ಅವ್ರ ಬೆನ್ನ ಹಿಂದ ಬರೋ ಕಾಯಿ ಹೊಡೀತೀನಿ. ಲೂಡೋ ಡಬ್ಬಿಯೊಳಗ ಒಬ್ಬೊಬ್ರು ಒಂದೊಂದು ಬಣ್ಣ, ತಮ್ಮದು ತಮಗ.

ಎರಡು, ತಡಿಯೋದು. ಪಚೀಸಿಯೊಳಗ ಕವಡಿ ಬಿದ್ದರೂ ‘ನಾ ನಡಸಂಗಿಲ್ಲ’ ಅನ್ನಬಹುದು. ಕಟ್ಟಿಮನ್ಯಾಗ ಕುಂತು ಎದುರಿನವ್ರು ದಾಟಿ ಹೋಗಲಿ ಅಂತ ಕಾಯೋದೂ ಒಂದು ಆಟ. ಲೂಡೋದಾಗ ನಡಸಾಕ ಬಂದ್ರ ನಡಸಲೇಬೇಕು.

ಮೂರು, ಕವಡಿ. ಇದು ಜರಾ ಲಕ್ಷ್ಯ ಕೊಟ್ಟು ಓದ್ರಿ. ನಮ್ಮ ಮನಿಗಳಾಗ ಹೆಚ್ಚು ಆಡೋದು ಪಗಡಿಯ ತಂಗಿ, ಇಪ್ಪತ್ತೈದು ಮನಿ ಚೌಕಾಬಾರಾ. ತೆಲುಗಿನೋರು ಅಷ್ಟಾಚಮ್ಮಾ ಅಂತಾರ. ಅದಕ್ಕ ನಾಕು ಕವಡಿ. ಅವು ಬೋರಲು ಅಂಗಾತ ಬೀಳೋದು ಒಟ್ಟು ಹದಿನಾರು ಥರ. ಅದರಾಗ ಎರಡು ಬೀಳೋದು ಆರು ಥರ, ಒಂದು ನಾಕು ಥರ, ಮೂರು ನಾಕು ಥರ, ನಾಕು ಒಂದೇ ಥರ, ಎಂಟು ಒಂದೇ ಥರ. ಅಂದ್ರ ವೈರಿ ಕಾಯಿಗಿಂತ ಎರಡು ಮನಿ ಮುಂದ ನಿಂತ್ರ ಹೊಡಿಸ್ಕೊಳ್ಳೋ ಭಯ ಭಾಳ, ನಾಕು ಮನಿ ಮುಂದ ನಿಂತ್ರ ಕಡಿಮಿ. ಶಾಲಿ ಮೆಟ್ಟಲ ಹತ್ತದ ನಮ್ಮ ಆಯಿಗೋಳು ಈ ಲೆಕ್ಕ ಬಾಯಿ ಬಿಟ್ಟು ಹೇಳ್ತಿದ್ದಿಲ್ಲ, ಆದ್ರ ಕಾಯಿ ಇಡೋದು ಇದೇ ಲೆಕ್ಕದಾಗ. ಲೂಡೋ ದಾಳದಾಗ ಒಂದರಿಂದ ಆರರ ತನಾ ಎಲ್ಲಾ ಸರಿಸಮ. ಎಲ್ಲಿ ನಿಂತ್ರೂ ಅಷ್ಟೇ ಭಯ, ಹಂಗಾದ್ರ ವಿಚಾರ ಯಾತಕ್ಕ ಮಾಡಬೇಕು? ಚೌಕಾಬಾರಾದಾಗ ಇನ್ನೊಂದು ಕಟ್ಟಳಿ ಅದ. ಎದುರಿನವ್ರದು ಒಂದಾದ್ರೂ ಕಾಯಿ ಹೊಡಿದೇ ಒಳಗಿನ ಸುತ್ತಿಗಿ ಹೋಗಾಕ ಬರಂಗಿಲ್ಲ. ಅಂಜಿ ಓಡಿ ಗೆಲ್ಲೋ ದಾರಿ ಇಲ್ಲ.

ಲೂಡೋ ಕೆಟ್ಟದ್ದು ಅಂತ ನಾ ಅನ್ನಂಗಿಲ್ಲ. ಸಣ್ಣ ಮಕ್ಕಳು ಎಣಿಕಿ ಕಲೀತಾವ, ಲಗೂನ ಮುಗೀತದ. ಆದ್ರ ಅದು ಪಗಡಿಯ ಜಾಗಾ ತುಂಬಂಗಿಲ್ಲ. ಪಗಡಿ ಕಾಯಿಯ ಭಾಷಾದಾಗೇ ಹೇಳಬೇಕಂದ್ರ, ನೂರು ವರ್ಷದ ಮ್ಯಾಲಾದ್ರೂ ಅದಿನ್ನಾ ಹಣ್ಣಾಗಿಲ್ಲ.

ಆಮ್ಯಾಲ ಲೂಡೋ ಫೋನಿನಾಗ ಬಂತು. 2016ರಾಗ ಬಂದ ಲೂಡೋ ಕಿಂಗ್ 2020ರ ಲಾಕ್‌ಡೌನದಾಗ ಮನಿ ಮನಿ ಹೊಕ್ತು. ಆಗ ಟಿವಿಯೊಳಗ ಹಳೇ ಮಹಾಭಾರತ ಮತ್ತ ಹಾಕ್ಯಾರ. ಅಲ್ಲಿ ಶಕುನಿ ದಾಳ ಉರುಳಸ್ಲತ್ತಾನ, ಇಲ್ಲಿ ನಮ್ಮ ಹುಡ್ಗೂರು ಗಾಜಿನ ಮ್ಯಾಲ ಬೆರಳು ಒತ್ಲತ್ತಾವ! ದೂರ ಇದ್ದ ಮಗಳ ಕೂಡ ಆಡಾಕ ಫೋನು ಭಾಳ ಉಪಯೋಗ ಅದ, ಅದನ್ನ ಬಿಡ್ರಿ ಅಂತ ನಾ ಹೇಳಂಗಿಲ್ಲ. ಆದ್ರ ಒಂದೇ ಪಡಸಾಲ್ಯಾಗ ಕುಂತ ನಾಕು ಮಂದಿ ನಾಕು ಫೋನ್ ಹಿಡ್ಕೊಂಡು ಆಡೋದು ಯಾವ ಚಂದ?

ಇದಕ್ಕಿಂತ ದೊಡ್ಡ ಮಾತು ರೊಕ್ಕದ್ದು. ರೊಕ್ಕಾ ಹಚ್ಚಿ ಆಡೋ ಲೂಡೋ ಬಂದ ಮ್ಯಾಲ ಗಂಡಸರಷ್ಟೇ ಅಲ್ಲ, ಹೆಣ್ಮಕ್ಕಳೂ ಸಂಘದ ಕಂತಿನ ರೊಕ್ಕಾ ಅದಕ್ಕ ಹಾಕಿ ಬಾಯಿ ಮುಚ್ಕೊಂಡು ಅತ್ತದ್ದು ನನಗ ಗೊತ್ತದ. ಹೆಸರು ಬ್ಯಾಡ. 2025ರ ಆಗಸ್ಟದಾಗ ಕೇಂದ್ರ ಸರ್ಕಾರ ಕಾಯದಾ ಮಾಡಿ, ರೊಕ್ಕಾ ಹಚ್ಚಿ ಆಡೋ ಆನ್‌ಲೈನ್ ಆಟ ಬಂದ್ ಅಂತು. ಛಲೋ ಆಯ್ತು. ಆದ್ರ ಕಾಯದಾ ಬಂದ್ ಮಾಡೋದಷ್ಟೇ ಮಾಡ್ತದ. ಖಾಲಿ ಆದ ಕೈಗಿ ಏನು ಕೊಡಬೇಕು ಅನ್ನೋದು ಮನಿಯೋರು ನೋಡಬೇಕು.

ಇಲ್ಲೇ ನಮ್ಮ ಹಿರಿಯರು ಅಡ್ಡ ಬರ್ತಾರ. ‘ಪಗಡಿ ಅಂದ್ರ ಧರ್ಮರಾಜ ರಾಜ್ಯ ಕಳಕೊಂಡಿದ್ದು, ಮನ್ಯಾಗ ಹಾಸಬ್ಯಾಡ್ರಿ, ಜಗಳ ಬರ್ತದ’ ಅಂತ. ಅವ್ರ ಮಾತಿಗಿ ಮರ್ಯಾದಿ ಕೊಟ್ಟೇ ಕೇಳ್ತೀನಿ, ಧರ್ಮರಾಜ ಹಾಳಾಗಿದ್ದು ಹಾಸಿನಿಂದನೋ, ಪಣದಿಂದನೋ? ಪಣ ಹಚ್ಚಿದ್ರ ಲೂಡೋನೂ ಅದೇ ಕುರುಕ್ಷೇತ್ರ. ಪಣ ಬಿಟ್ರ ಪಗಡಿ ಬರೇ ಲೆಕ್ಕ, ನಗಿ. ಶಿವರಾತ್ರಿ ಜಾಗರಣಿಗಿ ಔರಾದದ ನನ್ನ ತವರಮನ್ಯಾಗ ಬೆಳತನಾ ಆಡ್ತಿದ್ರು. ಅಲ್ಲಿ ಪಣ ಅಂದ್ರ ಸೋತೋರು ಮುಂಜಾನಿ ಎಲ್ಲಾರಿಗಿ ಚಹಾ ಮಾಡಬೇಕು, ಅಷ್ಟೇ.

ನನಗ ಈ ಮಾತು ಇಷ್ಟು ಯಾಕ ಹತ್ಯದ ಅಂದ್ರ, ಭಾಲ್ಕಿಯೊಳಗ ನಮ್ಮ ಅತ್ತಿ ಅದಾರ. ಎಂಬತ್ತು ದಾಟ್ಯಾವ, ಕಣ್ಣು ಮಸುಕು. ಫೋನು ಅವ್ರಿಗಿ ಬರೇ ಬೆಳಕು. ಮೊಮ್ಮಕ್ಕಳು ಲೂಡೋ ಆಡೋ ಹೊತ್ತಿನಾಗ ಅವ್ರು ಗ್ವಾಡಿಗಿ ಆನ್ಕೊಂಡು ಸುಮ್ಮ ಕೂಡ್ತಿದ್ರು. ಚೌಕಾಬಾರಾ ಹಾಕಿದ್ರ ಹಂಗಲ್ಲ. ಕವಡಿ ಮ್ಯಾಲ ಬೆರಳಾಡ್ಸಿ ಎಷ್ಟು ಬಿತ್ತು ಅಂತ ನಮಗಿಂತ ಮೊದಲ ಹೇಳ್ತಾರ. ಮನಿ ಎಲ್ಲೆಲ್ಲಿ ಅಂತ ತಲ್ಯಾಗೇ ಅದ. ಪಗಡಿಯಂಗ ಜೋಡಿ ಕಟ್ಟಿ ಆಡ್ತೀವಿ, ಎದುರಿಗಿ ಸಣ್ಣ ಸೊಸಿ ಕೂಡ್ತಾಳ. ಅಡಗಿ ಮನ್ಯಾಗ ಮಾತಿಲ್ಲದ ಅತ್ತಿ ಸೊಸಿ ಆಟದಾಗ ‘ನೀ ಆ ಕಾಯಿ ನಡಸವ್ವಾ, ಇದನ್ನ ನಾ ನೋಡ್ಕೋತೀನಿ’ ಅಂತ ಮಾತಾಡಲೇಬೇಕು. ಮುದುಕರು ನಮಗ ಇನ್ನೆಷ್ಟು ವರ್ಷ ಸಿಗ್ತಾರ? ಅವ್ರ ಹೊಡತದ ಜಾಣತನ ಬರದಿಟ್ಟದ್ದು ಎಲ್ಲೂ ಇಲ್ಲ. ಎದುರಿಗಿ ಕುಂತೇ ಕಲೀಬೇಕು.

ಖರ್ಚು ಏನೂ ಇಲ್ಲ. ಫರಸಿ ಮ್ಯಾಲ ಬಳಪದಿಂದ ಐದು ಸಾಲು, ಸಾಲಿಗಿ ಐದು ಮನಿ ಬರೀರಿ. ನಾಕೂ ಅಂಚಿನ ನಡುವಿನ ಮನಿಗಿ, ಒಳಗಿನ ನಟ್ಟನಡುವಿನ ಮನಿಗಿ ಅಡ್ಡಗೀಟು ಹಾಕ್ರಿ, ಅವು ಕಟ್ಟಿಮನಿ. ಅಲ್ಲಿ ಯಾರೂ ಹೊಡ್ಯಂಗಿಲ್ಲ. ಕವಡಿ ಇಲ್ಲಂದ್ರ ಎರಡು ಹುಣಸಿ ಬೀಜ ಒಡದು ನಾಕು ಹೋಳು ಮಾಡ್ರಿ, ಬಿಳೀ ಮೈ ಮ್ಯಾಲ ಬಿದ್ರ ಎಣಸ್ರಿ. ನಾಕೂ ಬಿಳೀ ಬಿದ್ರ ನಾಕು, ನಾಕೂ ಕರಿ ಬಿದ್ರ ಎಂಟು, ಎರಡಕ್ಕೂ ಮತ್ತೊಂದು ಸಲ ಎಸೀಬೇಕು. ಕಾಯಿಗಿ ಬಳಿ ಚೂರು, ತೊಗರಿ, ಕಡ್ಲಿ, ಸಣ್ಣ ಹಳ್ಳು ಸಾಕು.

ಈ ಎಳ್ಳ ಅಮಾಸಿಗಿ ಹೊಲಕ್ಕ ಭಜ್ಜಿ, ಅಂಬಲಿ, ಕಡಬು ಕಟ್ಟೋ ಗಂಟಿನಾಗ ನಾಕು ಕವಡಿನೂ ಹಾಕ್ರಿ. ಉಂಡ ಮ್ಯಾಲ ಗಿಡದ ನೆರಳಾಗ ಹುಡ್ಗೂರ ಫೋನ್ ಒಂದು ತಾಸು ಇಸ್ಕೊಂಡು ಆಡಸ್ರಿ. ಅವು ‘ಇದು ಲೂಡೋದಂಗೇ ಅದಲ್ಲ’ ಅಂತಾವ. ಹಂಗಲ್ಲ, ಲೂಡೋನೇ ಇದರಂಗ ಅದ ಅಂತ ಹೇಳ್ರಿ.